ಊರಿನ ಚರಿತ್ರೆಯೂ ಊರಿನ ಸೌಕರ್ಯಗಳೂ: ಕಾಮಸಮುದ್ರವನ್ನು ಕುರಿತು ಕೆಲವು ಮಾತುಗಳು

ಈ ಸ್ಮರಣ ಸಂಚಿಕೆಗೆ ಶಾಲೆಯ ವಿಷಯವಾಗಿ ಒಂದು ಲೇಖನವನ್ನು ಬರೆದುಕೊಡಬೇಕೆಂದು ಸಂಚಿಕೆಯ ಸಮಿತಿಯವರು ನಮ್ಮನ್ನು ಕೇಳಿಕೊಂಡರು. ಶಾಲೆಯ ಕಟ್ಟಡ, ಪರೀಕ್ಷೆಯ ಫಲಿತಾಂಶ, ಆಟಪಾಟಗಳು ಇವೆಲ್ಲವೂ ಬೇರೆ ಪುಟಗಳಲ್ಲಿ ಬಲ್ಲವರಿಂದ ಬರೆಯಲ್ಪಟ್ಟಿರುವುವು. ಆದುದರಿಂದ ನಾವು ಶಾಲೆಯ ಬಾಗಿಲನ್ನು ದಾಟಿ ಹೊರಗೆ ಹೋಗಿ, ನಮ್ಮ ಮಕ್ಕಳು ಬೆಳಗ್ಗೆ ಎಲ್ಲಿಂದ ಬರುತ್ತಾರೋ, ಸಂಜೆ ಎಲ್ಲಿಗೆ ಹಿಂದಿರುಗುತ್ತಾರೋ, ಆ ಊರುಗಳ ವಿಚಾರವಾಗಿ ಎರಡು ಮಾತುಗಳನ್ನು ಹೇಳಬೇಕೆಂದಿದ್ದೇವೆ. ಎಲ್ಲ ಊರುಗಳನ್ನೂ ಒಂದೇ ಲೇಖನದಲ್ಲಿ ತರುವುದು ಸಾಧ್ಯವಲ್ಲ. ಕಾಮಸಮುದ್ರದ ಕಡೆಯಿಂದ ನಮ್ಮಲ್ಲಿಗೆ ಬಂದ ಹೆಣ್ಣುಮಕ್ಕಳು ಬಹಳ ಮಂದಿ. ಬಂದು, ನಡುವೆಯೇ ನಿಂತುಹೋದವರೂ ಕೆಲವರುಂಟು. ಆದಕಾರಣ ಆ ಊರನ್ನೇ ಮಾದರಿಯಾಗಿ ತೆಗೆದುಕೊಂಡಿದ್ದೇವೆ.

ನಾವು ಮಿಷನ್ ಶಾಲೆಯಲ್ಲಿ ಓದುತ್ತಿದ್ದಾಗ ಇಂಗ್ಲಿಷ್ ವಾಚಕದಲ್ಲಿ ಇಂಗ್ಲೆಂಡಿನ ಒಂದು ಚಿಕ್ಕ ಹಳ್ಳಿಯ ವರ್ಣನೆಯಿತ್ತು. ಹುಲ್ಲಿನ ಬಯಲು, ಅದರ ಅಂಚಿನಲ್ಲಿ ಕಲ್ಲಿನ ದೇವಾಲಯ, ಗೋಪುರದ ಗಂಟೆ, ಬಾತುಗಳ ಕೊಳ, ಅಂಚೆಮನೆ, ಪಾಠಶಾಲೆ. ಆ ಪಾಠವನ್ನು ನಾವು ಬಾಯಿಪಾಠ ಮಾಡಿದ್ದೆವು. ನೀಲಿ ಆಕಾಶದ ಕೆಳಗೆ ಆ ಹಳ್ಳಿಯ ಚಿತ್ರವನ್ನು ಬರೆದು ಬಹುಮಾನವನ್ನೂ ಪಡೆದೆವು. ಹಾಗಾದರೂ ನಮ್ಮ ಊರಿನ ಕೆರೆಗೆ ತೂಬುಗಳೆಷ್ಟು, ಕೋಡಿಯ ನೀರು ಯಾವ ಊರಿನ ಕೆರೆಗೆ ಹೋಗುತ್ತದೆ, ಏರಿಯ ಮೇಲೆ ನಿಂತಿರುವ ವೀರಗಲ್ಲು ಯಾವ ವೀರನದು ಎಂದು ಯಾರಾದರೂ ಕೇಳಿದ್ದರೆ ನಾವು ತಲೆತಗ್ಗಿಸಬೇಕಾಗುತ್ತಿತ್ತು. ಆ ಪಾಠವನ್ನು ಕಲಿಸಿದವರಲ್ಲಿ ನಾವು ದೋಷವನ್ನು ಹುಡುಕುವುದಿಲ್ಲ. ಪರದೇಶದ ಒಂದು ಹಳ್ಳಿಯನ್ನು ಅಷ್ಟು ಪ್ರೀತಿಯಿಂದ ನೋಡಲು ಅವರು ಕಲಿಸಿದುದರಿಂದಲೇ ಸ್ವಂತ ಊರನ್ನೂ ಹಾಗೆ ನೋಡಬಹುದೆಂಬ ಬುದ್ಧಿ ನಮಗೆ ತಡವಾಗಿಯಾದರೂ ಬಂದಿತು.

ಇಂಗ್ಲೆಂಡಿನ ಆ ಹಳ್ಳಿಯ ವಿಷಯ ಪುಸ್ತಕದಲ್ಲಿ ಸೇರುವಷ್ಟು ತಿಳಿದುಬಂದುದು ಹೇಗೆ? ಅಲ್ಲಿನ ಬಯಲು ನಮ್ಮ ಗೋಮಾಳಕ್ಕಿಂತ ದೊಡ್ಡದಲ್ಲ. ಅಲ್ಲಿನ ಕೊಳ ನಮ್ಮ ಕುಂಟೆಗಿಂತ ಆಳವಾದದ್ದಲ್ಲ. ಕಾರಣವಿಷ್ಟೇ: ಅಲ್ಲಿ ಬರೆದಿಡುವವರಿದ್ದರು. 1086ರಲ್ಲಿಯೇ ವಿಲಿಯಂ ರಾಜನು ತನ್ನ ರಾಜ್ಯದ ಊರೂರಿನ ನೇಗಿಲು, ಹುಲ್ಲುಗಾವಲು, ಗಿರಣಿ, ಒಕ್ಕಲುಗಳನ್ನು ಎಣಿಸಿ ದೊಡ್ಡ ಗ್ರಂಥವೊಂದರಲ್ಲಿ ಬರೆಯಿಸಿದನು. 1538ರಲ್ಲಿ ಪ್ರತಿಯೊಂದು ಸಭೆಯ ಪಾದ್ರಿಯೂ ತನ್ನ ಊರಿನಲ್ಲಿ ನಡೆದ ದೀಕ್ಷಾಸ್ನಾನ, ಮದುವೆ, ಸಮಾಧಿಗಳನ್ನು ವಾರವಾರವೂ ಪುಸ್ತಕದಲ್ಲಿ ಬರೆಯಬೇಕೆಂಬ ಆಜ್ಞೆಯಾಯಿತು. ಆ ಪುಸ್ತಕವನ್ನಿಡುವುದಕ್ಕೆ ಎರಡು ಬೀಗಗಳುಳ್ಳ ಪೆಟ್ಟಿಗೆಯಿರಬೇಕು. ಒಂದು ಬೀಗದ ಕೈ ಪಾದ್ರಿಯ ವಶದಲ್ಲಿ, ಇನ್ನೊಂದು ಊರಿನ ಹಿರಿಯರ ವಶದಲ್ಲಿ ಇರಬೇಕು ಎಂದೂ ಆ ಆಜ್ಞೆಯಲ್ಲಿತ್ತು. ಕೂಲಿಯವನ ಮಗಳು ಹುಟ್ಟಿದರೂ ಅವಳ ಹೆಸರು ಆ ಪುಸ್ತಕಕ್ಕೆ ಸೇರಿತು. ಹೀಗೆ ಬರೆಯಲ್ಪಟ್ಟ ಊರು ತನ್ನ ಹಕ್ಕನ್ನು ಕೇಳುವಾಗ ಬರಿಗೈಯಲ್ಲಿ ಹೋಗಿ ನಿಲ್ಲಬೇಕಾಗಿಲ್ಲ.

ಊರಿನ ಚರಿತ್ರೆ ಬೇರೆ, ಊರಿನ ಸೌಕರ್ಯಗಳು ಬೇರೆ ಎಂದು ಬಹಳ ಜನರು ಎಣಿಸುತ್ತಾರೆ. ಚರಿತ್ರೆಯು ಪಂಡಿತರ ಕೆಲಸ, ಸೌಕರ್ಯವು ಸರ್ಕಾರದ ಕೆಲಸ ಎಂಬುದು ಅವರ ಭಾವನೆ. ಇವೆರಡೂ ಒಂದೇ ವಸ್ತುವಿನ ಎರಡು ಮುಖಗಳೆಂದೂ, ತನ್ನ ಚರಿತ್ರೆಯನ್ನು ತಾನೇ ಬರೆದಿಟ್ಟುಕೊಳ್ಳದ ಊರಿಗೆ ಸೌಕರ್ಯಗಳು ಬಂದರೂ ನಿಲ್ಲಲಾರವೆಂದೂ ತೋರಿಸುವುದೇ ಈ ಲೇಖನದ ಉದ್ದೇಶವಾಗಿರುವುದು.

ಕಾಮಸಮುದ್ರವು ಬಂಗಾರಪೇಟೆ ತಾಲ್ಲೂಕಿನ ಒಂದು ಹೋಬಳಿಯ ಮುಖ್ಯ ಗ್ರಾಮ. ಬಂಗಾರಪೇಟೆಗೂ ಕುಪ್ಪಮಿಗೂ ನಡುವೆ ರೈಲುದಾರಿಯ ಮೇಲಿರುವುದು. ಒಂದು ಮಗ್ಗುಲಲ್ಲಿ ಆಂಧ್ರದ ಸೀಮೆ, ಇನ್ನೊಂದು ಮಗ್ಗುಲಲ್ಲಿ ತಮಿಳುನಾಡಿನ ಸೀಮೆ. ಮನೆಯಲ್ಲಿ ತೆಲುಗು, ಸಂತೆಯಲ್ಲಿ ತಮಿಳು, ಶಾಲೆಯಲ್ಲಿ ಕನ್ನಡ ಎಂದು ಮೂರು ನುಡಿಗಳನ್ನು ಮೂರು ಸೀರೆಗಳಂತೆ ಹೊತ್ತುಹೊತ್ತಿಗೆ ಉಟ್ಟು ಬದಲಾಯಿಸುವ ಹೆಂಗಸರು ಅಲ್ಲಿ ಸಾಮಾನ್ಯ. ಸಮುದ್ರದಿಂದ ಇಷ್ಟು ದೂರದಲ್ಲಿರುವ ಬಯಲುಸೀಮೆಯ ಊರಿಗೆ ಸಮುದ್ರವೆಂಬ ಹೆಸರು ಹೇಗೆ ಬಂದಿತೆಂದು ನಮ್ಮ ಮಕ್ಕಳು ಕೇಳುವುದುಂಟು. ನಮ್ಮ ನಾಡಿನಲ್ಲಿ ದೊಡ್ಡ ಕೆರೆಯನ್ನು ಕಟ್ಟಿಸಿದವರು ಅದಕ್ಕೆ ಸಮುದ್ರವೆಂದೇ ಹೆಸರಿಡುತ್ತಿದ್ದರು. ಕೆರೆಯ ಹೆಸರೇ ಕ್ರಮೇಣ ಊರಿನ ಹೆಸರಾಗುತ್ತಿತ್ತು. ವರ್ಷಕ್ಕೆ ಏಳುನೂರು ಮಿಲಿಮೀಟರಿಗೆ ಸ್ವಲ್ಪ ಹೆಚ್ಚಾಗಿ ಮಳೆ ಬೀಳುವ, ಬತ್ತದೆ ಹರಿಯುವ ಹೊಳೆಯೊಂದೂ ಇಲ್ಲದ ಕೋಲಾರದ ಸೀಮೆಯಲ್ಲಿ, ಮುಗಿಲಿನಿಂದ ಬಿದ್ದ ನೀರನ್ನು ಮಣ್ಣಿನ ಏರಿಯಿಂದ ತಡೆದು ನಿಲ್ಲಿಸಿದವರಿಗೆ ಅದು ಸಮುದ್ರವಾಗಿಯೇ ಕಂಡಿದ್ದರೆ ಆಶ್ಚರ್ಯವಿಲ್ಲ. ಚಿಕ್ಕಬಳ್ಳಾಪುರವು 2007ರಲ್ಲಿ ಬೇರೆಯಾಗುವುದಕ್ಕೆ ಮುಂಚೆ ಕೋಲಾರ ಜಿಲ್ಲೆಯಲ್ಲಿ ನಾಲ್ಕು ಸಾವಿರಕ್ಕೂ ಮೀರಿದ ಕೆರೆಗಳಿದ್ದುವು. ಮೇಲಿನ ಕೆರೆ ತುಂಬಿ ಕೋಡಿ ಹರಿದರೆ ಆ ನೀರು ಕೆಳಗಿನ ಕೆರೆಗೆ, ಅದು ತುಂಬಿದರೆ ಅದರ ಕೆಳಗಿನದಕ್ಕೆ. ಹೀಗೆ ಊರೂರುಗಳು ನೀರಿನ ಸರಪಣಿಯಿಂದ ಕಟ್ಟಲ್ಪಟ್ಟಿದ್ದುವು.

ಆ ಕಾಲದವರು ಬರೆದಿಡುವುದನ್ನು ಅರಿಯದವರೆಂದು ಯಾರೂ ತಿಳಿಯಕೂಡದು. ಅವರು ಕಲ್ಲಿನ ಮೇಲೆ ಬರೆದರು. ಕೆರೆಯನ್ನು ಕಟ್ಟಿದವನಿಗೆ ಬಿಟ್ಟ ಕಟ್ಟುಗೊಡಗೆಯ ಭೂಮಿ, ಕೆರೆಯ ಜೀರ್ಣೋದ್ಧಾರಕ್ಕಾಗಿ ಬಿಟ್ಟ ಬಿತ್ತುವಟ್ಟ, ದನಗಳನ್ನು ಬಿಡಿಸುವಾಗ ಮಡಿದ ವೀರನ ಹೆಸರು, ಇವೆಲ್ಲವೂ ನಮ್ಮ ಸೀಮೆಯ ಶಾಸನಗಳಲ್ಲಿವೆ. ಬಿ. ಎಲ್. ರೈಸ್ ಅವರು ಕೋಲಾರ ಜಿಲ್ಲೆಯ ಶಾಸನಗಳನ್ನು ಕೂಡಿಸಿ 1905ರಲ್ಲಿ ಎಪಿಗ್ರಾಫಿಯ ಕರ್ನಾಟಿಕದ ಹತ್ತನೆಯ ಸಂಪುಟವಾಗಿ ಪ್ರಕಟಿಸಿದರು. ಕಲ್ಲಿನ ಕಾಲ ಕಳೆದ ಮೇಲೆ ಶಾನುಭೋಗನ ಕಡತ ಬಂದಿತು. ಯಾವ ಹೊಲಕ್ಕೆ ಎಷ್ಟು ಹೊತ್ತು ನೀರು ಎಂಬುದು ನೀರುಗಂಟಿಯ ನಾಲಿಗೆಯ ಮೇಲಿತ್ತು. ವಂಶಪಾರಂಪರ್ಯವಾದ ಗ್ರಾಮಾಧಿಕಾರಗಳನ್ನು ರದ್ದುಮಾಡುವ ಕಾನೂನು 1961ರಲ್ಲಿ ಆಯಿತು. ಹುಟ್ಟಿನಿಂದ ಒಬ್ಬನಿಗೆ ಅಧಿಕಾರವೂ ಇನ್ನೊಬ್ಬನಿಗೆ ಊಳಿಗವೂ ಬರುತ್ತಿದ್ದ ಆ ಪದ್ಧತಿ ಹೋದುದು ನ್ಯಾಯವೇ ಸರಿ. ಆದರೆ ಆ ಸ್ಥಾನದಲ್ಲಿ ಊರಿನ ಲೆಕ್ಕವನ್ನು ಊರಿನಲ್ಲಿಯೇ ಇಡುವ ಹೊಸ ಕೈ ಹುಟ್ಟಲಿಲ್ಲ. ಲೆಕ್ಕವು ತಾಲ್ಲೂಕಿನ ಕಚೇರಿಗೆ ಹೋಯಿತು, ಕೆರೆ ಅನಾಥವಾಯಿತು.

ಈಗ ಈ ಊರಿನ ಮಗ್ಗುಲಲ್ಲಿ ಹಾದುಹೋದವುಗಳನ್ನು ನೋಡೋಣ. 1864ರಲ್ಲಿ ಮದ್ರಾಸ್ ರೈಲ್ವೆಯವರು ಜೋಲಾರಪೇಟೆಯಿಂದ ಬೆಂಗಳೂರಿಗೆ ದಾರಿಯನ್ನು ತೆರೆದರು. ಆಗ ಮೈಸೂರಿನ ಕಮಿಷನರಾಗಿದ್ದ ಬೌರಿಂಗ್ ದೊರೆಯ ಹೆಸರಿನಿಂದ ಬೌರಿಂಗ್‌ಪೇಟೆಯಾದುದೇ ಇಂದಿನ ಬಂಗಾರಪೇಟೆ. 1875ರಲ್ಲಿ ಲವೆಲ್ ಎಂಬವನು ಚಿನ್ನವನ್ನು ಹುಡುಕುವ ಪರವಾನಗಿಯನ್ನು ಪಡೆದನು. 1880ರಿಂದ ಜಾನ್ ಟೇಲರ್ ಕಂಪನಿಯವರು ಗಣಿಗಳನ್ನು ಕೈಗೆತ್ತಿಕೊಂಡರು. 1894ರಲ್ಲಿ ಬೌರಿಂಗ್‌ಪೇಟೆಯಿಂದ ಗಣಿಗಳಿಗೆ ರೈಲಿನ ಕವಲುದಾರಿ ಬಂದಿತು. 1902ರಲ್ಲಿ ಶಿವನಸಮುದ್ರದ ಜಲಪಾತದಿಂದ ಸುಮಾರು 92 ಮೈಲಿ ದೂರ ತಂತಿಗಳನ್ನೆಳೆದು ಗಣಿಗಳಿಗೆ ವಿದ್ಯುಚ್ಛಕ್ತಿಯನ್ನು ತಂದರು. ಬೆಂಗಳೂರಿನ ಬೀದಿಗಳಿಗೇ ವಿದ್ಯುತ್ತಿನ ದೀಪ ಬಂದುದು 1905ರಲ್ಲಿ. ಪಾಲಾರ್ ಹೊಳೆಗೆ ಕಟ್ಟಿದ ಬೇತಮಂಗಲದ ಕೆರೆಯ ನೀರನ್ನು ಸೋಸಿ ಕೊಳವೆಗಳಲ್ಲಿ ಗಣಿಯ ಪಟ್ಟಣಕ್ಕೆ ಒಯ್ದರು.

ಭೂಮಿಯೊಳಗೆ ಮೂರು ಕಿಲೋಮೀಟರಿಗೂ ಆಳವಾಗಿ ದೀಪ ಉರಿಯುತ್ತಿದ್ದಾಗ, ಭೂಮಿಯ ಮೇಲೆ ಸುತ್ತಣ ಹಳ್ಳಿಗಳಲ್ಲಿ ಹೆಣ್ಣುಮಕ್ಕಳು ಬುಡ್ಡಿದೀಪದ ಮುಂದೆ ಕುಳಿತು ರಾಗಿ ಬೀಸುತ್ತಿದ್ದರು. ಒಂದು ನೂರ ಇಪ್ಪತ್ತು ವರ್ಷಗಳಲ್ಲಿ ಎಂಟುನೂರು ಟನ್ನುಗಳಷ್ಟು ಚಿನ್ನ ಆ ನೆಲದಿಂದ ಹೊರಬಂದಿತೆಂಬುದನ್ನು ನಾವು ಬಲ್ಲೆವು. ಗಣಿಯವರು ಔನ್ಸು ಔನ್ಸಿಗೂ ಲೆಕ್ಕವನ್ನಿಟ್ಟಿದ್ದರು. ರೈಲಿನವರು ಬಂಡಿಬಂಡಿಯ ಹೊತ್ತನ್ನೂ ಬರೆದಿಟ್ಟರು. 2001ರ ಫೆಬ್ರವರಿ 28ರಂದು ಗಣಿಗಳು ಮುಚ್ಚಿದಾಗ ಎಷ್ಟು ಕೆಲಸಗಾರರು ಕೆಲಸವನ್ನು ಕಳೆದುಕೊಂಡರೆಂಬುದಕ್ಕೂ ಲೆಕ್ಕವುಂಟು. ಲೆಕ್ಕವಿದ್ದವರು ಬಾಕಿಯನ್ನು ಕೇಳಿದರು, ನ್ಯಾಯಸ್ಥಾನದವರೆಗೂ ಹೋದರು. ಗಣಿಗೆ ಹಾಲನ್ನೂ ಸೌದೆಯನ್ನೂ ತರಕಾರಿಯನ್ನೂ ಹೊತ್ತುಹಾಕಿದ ಹಳ್ಳಿಗಳ ಹೆಂಗಸರು ಏನನ್ನು ಕೇಳುವುದು? ಯಾವ ಪುಸ್ತಕವನ್ನು ತೋರಿಸಿ ಕೇಳುವುದು?

ಇದೇ ಸೀಮೆಯಲ್ಲಿ ಧಾತು ಈಶ್ವರ ಸಂವತ್ಸರಗಳ ಘೋರ ಕ್ಷಾಮವೂ ಹಾದುಹೋಯಿತು. 1876ರಿಂದ 1878ರವರೆಗಿನ ಆ ಕಾಲದಲ್ಲಿ ಐವತ್ತು ಲಕ್ಷ ಜನರಿದ್ದ ಮೈಸೂರು ದೇಶದಲ್ಲಿ ಸುಮಾರು ಹತ್ತು ಲಕ್ಷ ಜನರು ಮಡಿದರು. ತಾಯಿತಂದೆಗಳನ್ನು ಕಳೆದುಕೊಂಡ ಮಕ್ಕಳಿಗಾಗಿ ಕೋಲಾರದಲ್ಲಿ ಮಿಸ್ ಆನ್‌ಸ್ಟಿ ಎಂಬ ಮಹನೀಯಳು ಅನಾಥಾಲಯವನ್ನು ಸ್ಥಾಪಿಸಿದಳು. 1890ರಲ್ಲಿ ಆ ಕಾರ್ಯವನ್ನು ಅಮೆರಿಕದ ಮೆಥೊಡಿಸ್ಟ್ ಮಿಷನಿನವರು ವಹಿಸಿಕೊಂಡರು. ಈ ಜಿಲ್ಲೆಯಲ್ಲಿ ಮಿಷನ್ ಶಾಲೆಗಳ ಬೇರು ಹಸಿವಿನ ನೆಲದಲ್ಲಿ ಇಳಿದದ್ದೆಂಬುದನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರು ಮರೆಯಲಾಗದು. ಅನ್ನಕ್ಕಾಗಿ ಬಂದ ಹೆಣ್ಣುಮಕ್ಕಳಿಗೆ ಅನ್ನವನ್ನು ಮಾತ್ರ ಕೊಟ್ಟು ಕಳುಹಿಸಲಿಲ್ಲ, ಅಕ್ಷರವನ್ನೂ ಕೊಟ್ಟರು. ಆ ಅಕ್ಷರದ ಋಣವನ್ನು ಯಾವ ಬಗೆಯಿಂದ ತೀರಿಸುವುದೆಂಬುದೇ ಇಂದಿನ ಪ್ರಶ್ನೆ.

ಈಗ ಕಾಮಸಮುದ್ರದ ಇಂದಿನ ಸೌಕರ್ಯಗಳಿಗೆ ಬರೋಣ. ಹೊರಗಿನಿಂದ ನೋಡಿದವರಿಗೆ ಊರು ಸೌಕರ್ಯವುಳ್ಳದ್ದಾಗಿಯೇ ಕಾಣುವುದು. ನಾಡಕಚೇರಿಯುಂಟು, ಪೊಲೀಸ್ ಠಾಣೆಯುಂಟು, ರೈಲು ನಿಲ್ದಾಣವುಂಟು, ಅಂಗಡಿಸಾಲುಂಟು. ಆದರೆ ಹೋಬಳಿಯ ಒಳಗಿನ ಹಳ್ಳಿಗಳಿಗೆ ಹೋದರೆ ಬೇರೆ ನೋಟ. ಕೆರೆಗಳಲ್ಲಿ ಹೂಳು ತುಂಬಿ, ನೀರು ನಿಲ್ಲಬೇಕಾದಲ್ಲಿ ಜಾಲಿ ಬೆಳೆದಿದೆ. ನೀರಿಗಾಗಿ ಸಾವಿರ ಅಡಿಗೂ ಮೀರಿ ಕೊಳವೆಬಾವಿಯನ್ನು ಕೊರೆಯುವುದು ಈ ಜಿಲ್ಲೆಯಲ್ಲಿ ಸಾಮಾನ್ಯವಾಗಿದೆ. ಅಷ್ಟು ಆಳದ ನೀರಿನಲ್ಲಿ ಅನೇಕ ಕಡೆ ಫ್ಲೋರೈಡು ಸೇರಿ ಮಕ್ಕಳ ಹಲ್ಲುಗಳನ್ನು ಕೆಡಿಸುವುದು. ಬೆಂಗಳೂರಿನ ಕೊಳಚೆಯ ನೀರನ್ನು ಶುದ್ಧಿಮಾಡಿ ಜಿಲ್ಲೆಯ ಕೆರೆಗಳಿಗೆ ಬಿಡುವ ಏರ್ಪಾಡು 2018ರಲ್ಲಿ ಆರಂಭವಾಯಿತು. ಅದರ ಶುದ್ಧಿಯು ಸಾಕೋ ಸಾಲದೋ ಎಂಬ ವಾದ ಇನ್ನೂ ಮುಗಿದಿಲ್ಲ. ಬೂದಿಕೋಟೆಯ ಕಡೆ ಮಾರ್ಕಂಡೇಯ ಹೊಳೆಗೆ ಯರಗೋಳಿನಲ್ಲಿ ಅಣೆಕಟ್ಟನ್ನು ಕಟ್ಟಿ, ಬಂಗಾರಪೇಟೆ, ಮಾಲೂರು, ಕೋಲಾರ ಪಟ್ಟಣಗಳಿಗೆ ಕುಡಿಯುವ ನೀರನ್ನು ಕೊಡುವ ಕಾರ್ಯವೂ ಆಗಿದೆ. ಇವು ಒಳ್ಳೆಯ ಕಾರ್ಯಗಳೇ. ಹಳ್ಳಿಯ ನೆಲದಲ್ಲಿ ನಿಂತ ನೀರು ಮೊದಲು ಪಟ್ಟಣವನ್ನು ನೆನೆಯುವುದೆಂಬುದನ್ನು ಮಾತ್ರ ಇಲ್ಲಿ ಹೇಳಿ ಮುಂದೆ ಹೋಗುತ್ತೇವೆ.

ಆನೆಗಳ ಬಾಧೆ ಇನ್ನೊಂದು. ಆಂಧ್ರ ಮತ್ತು ತಮಿಳುನಾಡಿನ ಕಾಡುಗಳಿಂದ ಹಿಂಡು ಹಿಂಡಾಗಿ ಬರುವ ಆನೆಗಳು ಕಾಮಸಮುದ್ರ ಹೋಬಳಿಯ ಗಡಿಯ ಹಳ್ಳಿಗಳಲ್ಲಿ ರಾಗಿಯನ್ನೂ ಟೊಮೇಟೊವನ್ನೂ ಬಾಳೆಯನ್ನೂ ತುಳಿದುಹಾಕುತ್ತವೆ. ಮನುಷ್ಯರ ಪ್ರಾಣವನ್ನೂ ತೆಗೆದಿವೆ. ಅವುಗಳ ಹಳೆಯ ದಾರಿಯನ್ನು ಮುಚ್ಚಿದವರು ನಾವೇ ಎಂಬುದರಿಂದ ಅವುಗಳನ್ನು ಬಯ್ದು ಫಲವಿಲ್ಲ. ಆದರೆ ಹೊತ್ತು ಮುಳುಗಿದ ಮೇಲೆ ಬಸ್ಸಿನಿಂದಿಳಿದು ಮಾವಿನ ತೋಪಿನ ನಡುವೆ ಒಂಟಿಯಾಗಿ ನಡೆದು ಮನೆಗೆ ಸೇರಬೇಕಾದ ಹದಿನಾಲ್ಕು ವರ್ಷದ ಹುಡುಗಿಗೆ ಆನೆಯ ಭಯ ಎಂಥದೆಂಬುದನ್ನು ಪಟ್ಟಣದಲ್ಲಿ ಕುಳಿತವರು ಊಹಿಸಬೇಕು. ಆನೆಯ ಭಯಕ್ಕಿಂತ ಮನುಷ್ಯರ ಭಯ ಹೆಚ್ಚೆಂದು ತಾಯಂದಿರು ನಮಗೆ ಮೆಲ್ಲನೆ ಹೇಳಿದ್ದುಂಟು.

ದಾರಿಯ ಮಾತು ಬಂದುದರಿಂದ ಬಂಡಿಗಳ ಮಾತನ್ನೂ ಹೇಳಬೇಕು. 2022ರಿಂದ ಮೈಸೂರಿನಿಂದ ಚೆನ್ನೈಗೆ ಹೋಗುವ ವಂದೇ ಭಾರತ್ ಬಂಡಿಯು ಕಾಮಸಮುದ್ರದ ಹಳಿಯ ಮೇಲೆಯೇ ಓಡುವುದು. ಅದನ್ನು ಕೈಬೀಸಿ ನೋಡುವುದಷ್ಟೇ ಅಲ್ಲಿನ ಮಕ್ಕಳ ಪಾಲು. ಅವರಿಗಾಗಿ ನಿಲ್ಲುವುದು ಪ್ಯಾಸೆಂಜರ್ ಬಂಡಿ ಮಾತ್ರ. ಅದರ ಹೊತ್ತು ಬೆಂಗಳೂರಿನ ಕೆಲಸಗಾರರಿಗೆ ಹೊಂದಿದರೆ ಶಾಲೆಯ ಗಂಟೆಗೆ ಹೊಂದುವುದಿಲ್ಲ. 2023ರ ಜೂನ್ 11ರಿಂದ ರಾಜ್ಯದ ಹೆಂಗಸರಿಗೆ ಸರ್ಕಾರದ ಬಸ್ಸುಗಳಲ್ಲಿ ಬಿಟ್ಟಿ ಪ್ರಯಾಣವಾಯಿತು. ಎಷ್ಟೋ ತಾಯಂದಿರ ಸೆರಗಿನ ಗಂಟಿನಲ್ಲಿ ಅದರಿಂದ ನಾಲ್ಕು ಕಾಸು ಉಳಿಯಿತೆಂಬುದನ್ನು ನಾವು ಕಣ್ಣಾರೆ ಕಂಡಿದ್ದೇವೆ. ಆದರೆ ಬಸ್ಸೇ ಬಾರದ ಊರಿನಲ್ಲಿ ಬಿಟ್ಟಿ ಟಿಕೆಟ್ಟನ್ನು ಯಾರು ಕೊಡುವರು? ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ಲುಗಳನ್ನು ಕೊಡುವ ಪದ್ಧತಿಯು 2006ರಲ್ಲಿ ಆರಂಭವಾಗಿ, ಕೆಲವು ವರ್ಷ ನಡೆದು, ನಿಂತುಹೋಯಿತು. ಬರುವಾಗ ಮಾಲೆ, ಭಾಷಣ, ಚಿತ್ರ. ನಿಲ್ಲುವಾಗ ಯಾರಿಗೂ ತಿಳಿಯದು. ಯಾವ ದಿನ ಬಂದಿತು, ಯಾವ ದಿನ ನಿಂತಿತು, ಆ ದಿನ ಯಾವ ಯಾವ ಹುಡುಗಿ ಮನೆಯಲ್ಲುಳಿದಳು ಎಂಬುದನ್ನು ಬರೆದಿಟ್ಟ ಊರು ಯಾವುದು?

ಸರ್ಕಾರದವರು ಬರೆಯುತ್ತಾರಲ್ಲಾ ಎಂದು ಕೆಲವರು ಹೇಳಿಯಾರು. ನಿಜ. 2011ರ ಜನಗಣತಿಯ ಜಿಲ್ಲಾ ಕೈಪಿಡಿಯಲ್ಲಿ ಪ್ರತಿಯೊಂದು ಗ್ರಾಮದ ಸೌಕರ್ಯಗಳ ಪಟ್ಟಿಯುಂಟು. ಪ್ರೌಢಶಾಲೆ ಆ ಗ್ರಾಮದಲ್ಲಿಲ್ಲದಿದ್ದರೆ ಅದು ಐದು ಕಿಲೋಮೀಟರಿನೊಳಗಿದೆಯೋ, ಐದರಿಂದ ಹತ್ತರೊಳಗಿದೆಯೋ, ಹತ್ತಕ್ಕೂ ಮೇಲೋ ಎಂದು ಒಂದೊಂದು ಅಕ್ಷರದಿಂದ ಗುರುತು ಹಾಕಿರುತ್ತಾರೆ. ಬಸ್ಸು ಉಂಟೋ ಇಲ್ಲವೋ ಎಂಬುದಕ್ಕೂ ಗುರುತುಂಟು. ಪಟ್ಟಿಯು ಸುಳ್ಳಲ್ಲ. ಆದರೆ ಬೆಳಗ್ಗೆ ಐದೂವರೆಗೆ ಒಮ್ಮೆ ಬಂದುಹೋಗುವ ಬಸ್ಸೂ ಬಸ್ಸೇ. ಶಾಲೆ ಬಿಟ್ಟ ಮೇಲೆ ಎರಡು ಗಂಟೆ ಕಾಯಿಸುವ ಬಸ್ಸೂ ಬಸ್ಸೇ. ಐದು ಕಿಲೋಮೀಟರಿನ ದಾರಿ ಜೂನ್ ತಿಂಗಳ ಬೆಳಗ್ಗೆ ಒಂದು ಬಗೆ, ಡಿಸೆಂಬರಿನ ಸಂಜೆ ಇನ್ನೊಂದು ಬಗೆ. ಹುಡುಗನಿಗೆ ಒಂದು ಉದ್ದ, ಹುಡುಗಿಗೆ ಇನ್ನೊಂದು ಉದ್ದ. ಈ ಉದ್ದವನ್ನು ಅಳೆಯುವ ಕೋಲು ಜನಗಣತಿಯವರ ಕೈಯಲ್ಲಿಲ್ಲ. ಆ ದಾರಿಯಲ್ಲಿ ನಡೆದವಳ ಕೈಯಲ್ಲಿ ಮಾತ್ರ ಉಂಟು. ಆದುದರಿಂದ ಒಂದು ಊರಿನ ಸೌಕರ್ಯವನ್ನು ಅಳೆಯಬೇಕಾದರೆ ಕೇಳತಕ್ಕ ಪ್ರಶ್ನೆ ಒಂದೇ ಎಂದು ನಮ್ಮ ಅಭಿಪ್ರಾಯ: ಈ ಊರಿನ ಅತ್ಯಂತ ಬಡವನ ಮಗಳು ಬೆಳಕಿರುವಾಗಲೇ ಪ್ರೌಢಶಾಲೆಗೆ ಹೋಗಿ, ಬೆಳಕಿರುವಾಗಲೇ ಮನೆಗೆ ಬರಬಲ್ಲಳೋ? ಬರಬಲ್ಲಳಾದರೆ ಆ ಊರಿಗೆ ಸೌಕರ್ಯವುಂಟು; ಇಲ್ಲವಾದರೆ ನಾಡಕಚೇರಿಯ ಗೋಡೆಗೆ ಎಷ್ಟು ಸುಣ್ಣ ಬಳಿದರೂ ಇಲ್ಲ.

ಇಷ್ಟು ಹೇಳಿದ ಮೇಲೆ ನಮ್ಮ ತಪ್ಪನ್ನು ಮರೆಮಾಡುವುದು ಧರ್ಮವಲ್ಲ. ಕೆಲವು ವರ್ಷಗಳ ಕೆಳಗೆ ಕಾಮಸಮುದ್ರದ ಆಚೆಯ ಒಂದು ಹಳ್ಳಿಯಿಂದ ಹುಡುಗಿಯೊಬ್ಬಳು ಒಂಬತ್ತನೆಯ ತರಗತಿಗೆ ಬರುತ್ತಿದ್ದಳು. ಲೆಕ್ಕದಲ್ಲಿ ಬಹಳ ಚುರುಕು. ಕೈಬರಹವು ಮುತ್ತು ಪೋಣಿಸಿದ ಹಾಗೆ. ದೀಪಾವಳಿಯ ರಜೆಯಾದ ಮೇಲೆ ಅವಳು ಬರಲಿಲ್ಲ. ಜನವರಿಯಲ್ಲಿ ಅವಳ ತಂದೆ ಬಂದು ವರ್ಗಾವಣೆಯ ಪತ್ರವನ್ನು ಕೇಳಿದರು. ಆ ಪತ್ರದಲ್ಲಿಯೂ ನಮ್ಮ ದಾಖಲೆಯ ಪುಸ್ತಕದಲ್ಲಿಯೂ “ಶಾಲೆಯನ್ನು ಬಿಟ್ಟ ಕಾರಣ” ಎಂಬ ಒಂದು ಅಂಕಣವಿದೆ. ಅಲ್ಲಿ ನಾವು ನಮ್ಮ ಕೈಯಿಂದಲೇ “ಗೃಹಕೃತ್ಯ” ಎಂದು ಬರೆದೆವು. ಅದಕ್ಕೆ ಹಿಂದಿನ ಹುಡುಗಿಗೂ ಹಾಗೆಯೇ ಬರೆದಿದ್ದೆವು. ಅವಳ ಹಿಂದಿನವಳಿಗೂ ಹಾಗೆಯೇ. ಬರೆಯುವುದಕ್ಕೆ ಅರ್ಧ ನಿಮಿಷವೂ ಹಿಡಿಯಲಿಲ್ಲ.

ಬಹಳ ದಿನಗಳ ಮೇಲೆ ಆ ಹುಡುಗಿಯನ್ನು ಬಂಗಾರಪೇಟೆಯ ನಿಲ್ದಾಣದಲ್ಲಿ ಕಂಡೆವು. ಬೆಂಗಳೂರಿನ ಕಡೆ ಬಟ್ಟೆ ಹೊಲಿಯುವ ಕಾರ್ಖಾನೆಯೊಂದಕ್ಕೆ ದಿನವೂ ಹೋಗಿಬರುತ್ತಿದ್ದಳು. ನಮ್ಮನ್ನು ಗುರುತಿಸಿ ಹತ್ತಿರ ಬಂದು ನಮಸ್ಕರಿಸಿದಳು. ಓದನ್ನು ಏಕೆ ಬಿಟ್ಟೆ ಅಮ್ಮಾ ಎಂದು ಕೇಳಿದೆವು. “ಸಾಯಂಕಾಲದ ಬಸ್ಸು ನಿಂತುಹೋಯಿತು ಮಿಸ್ಸಮ್ಮಾ. ಅಪ್ಪ ಒಂದು ತಿಂಗಳು ಟಾರ್ಚು ಹಿಡಿದು ತೋಪಿನವರೆಗೂ ಬಂದು ನಿಲ್ಲುತ್ತಿದ್ದರು. ಆಮೇಲೆ ಅವರಿಗೂ ರಾತ್ರಿ ಹೊಲ ಕಾಯಬೇಕಾಯಿತು” ಎಂದಳು. ಅವಳ ಮಾತಿನಲ್ಲಿ ದೂರಿರಲಿಲ್ಲ. ಈಗ ಊರಿನ ಹತ್ತಿರಕ್ಕೆ ಕಾರ್ಖಾನೆಯವರ ವ್ಯಾನು ಬರುತ್ತದೆಂದೂ ಹೇಳಿದಳು. ಕೂಲಿಗೆ ಕರೆದೊಯ್ಯುವುದಕ್ಕೆ ಬಂಡಿ ಬಂದಿತು. ಓದಿಗೆ ಕರೆದೊಯ್ಯುವುದಕ್ಕೆ ಬರಲಿಲ್ಲ.

ಆ ದಿನ ಶಾಲೆಗೆ ಹಿಂದಿರುಗಿ ಹಳೆಯ ದಾಖಲೆಯ ಪುಸ್ತಕಗಳನ್ನು ತೆಗೆದು ನೋಡಿದೆವು. ಪುಟಪುಟಕ್ಕೂ ಗೃಹಕೃತ್ಯ, ಗೃಹಕೃತ್ಯ, ಗೃಹಕೃತ್ಯ. ತಂದೆ ಟಾರ್ಚು ಹಿಡಿದು ನಿಂತದ್ದು ಆ ಪದದೊಳಗೆ ಎಲ್ಲಿದೆ? ನಿಂತುಹೋದ ಬಸ್ಸು ಎಲ್ಲಿದೆ? ಒಣಗಿದ ಕೆರೆ, ದೂರದ ನೀರು, ಆನೆ, ತೋಪು, ಕತ್ತಲೆ ಎಲ್ಲಿವೆ? ಮುಂದೆಂದಾದರೂ ಒಬ್ಬ ಅಧಿಕಾರಿಯು ಆ ಪುಸ್ತಕವನ್ನು ತೆರೆದು, ಈ ಕಡೆಯ ಹೆಣ್ಣುಮಕ್ಕಳಿಗೆ ಓದಿಗಿಂತ ಮನೆಗೆಲಸವೇ ಪ್ರಿಯವೆಂದು ನಿರ್ಣಯಿಸಿದರೆ, ಅದಕ್ಕೆ ಸಾಕ್ಷಿಯನ್ನು ಒದಗಿಸಿದವರು ನಾವೇ. ಬಾರದ ಬಸ್ಸಿನ ಅಪರಾಧವನ್ನು ಮನೆಯವರ ತಲೆಯ ಮೇಲೆ ಹೊರಿಸಿ, ನಾವೇ ರುಜು ಹಾಕಿದ್ದೆವು.

ಕೆರೆಗೆ ಹಾರ ಎಂಬ ಜನಪದ ಕಥನಗೀತೆಯು ನಮ್ಮ ವಾಚಕರಿಗೆಲ್ಲಾ ತಿಳಿದದ್ದೇ. ಕೆರೆಯಲ್ಲಿ ನೀರು ಬರಲೆಂದು ಮನೆಯ ಕಿರಿಯ ಸೊಸೆ ಭಾಗೀರಥಿಯನ್ನು ಬಲಿಕೊಟ್ಟ ಕಥೆಯದು. ಅದನ್ನು ಕೇಳಿ ಕಣ್ಣೀರು ಹಾಕದ ಹೆಂಗಸಿಲ್ಲ. ಊರಿಗೆ ಒಂದು ಕೊರತೆ ಬಂದಾಗ ಅದರ ಬೆಲೆಯನ್ನು ತೆರಬೇಕಾದವಳು ಮನೆಯ ಹೆಣ್ಣುಮಗಳೇ ಎಂಬ ನಿಯಮ ಆ ಕಾಲಕ್ಕೆ ಮುಗಿಯಿತೆಂದು ನಾವು ತಿಳಿದಿದ್ದರೆ ಅದು ತಪ್ಪು. ಇಂದು ಯಾರೂ ಯಾರನ್ನೂ ಕೆರೆಗೆ ಕೊಡುವುದಿಲ್ಲ. ಶಾಲೆಯಿಂದ ಬಿಡಿಸುತ್ತಾರೆ, ಅಷ್ಟೇ. ಆ ಭಾಗೀರಥಿಯ ಹೆಸರಾದರೂ ಹಾಡಿನಲ್ಲಿ ಉಳಿಯಿತು. ನಮ್ಮ ಭಾಗೀರಥಿಯರಿಗೆ ಗೃಹಕೃತ್ಯವೆಂಬ ಒಂದೇ ಹೆಸರು.

ಆದುದರಿಂದ ಮೊದಲು ನಮ್ಮ ಮನೆಯನ್ನು ನಾವೇ ಗುಡಿಸಿಕೊಂಡೆವು. ಆ ದಿನದಿಂದ ಶಾಲೆಯನ್ನು ಬಿಡುವ ಪ್ರತಿಯೊಬ್ಬ ಹುಡುಗಿಯನ್ನೂ ಅವಳ ತಾಯಿಯನ್ನೂ ಕೂರಿಸಿಕೊಂಡು ಕಾರಣವನ್ನು ಕೇಳಿ, ಕೇಳಿದುದನ್ನು ಕೇಳಿದ ಹಾಗೆಯೇ ಬೇರೊಂದು ಪುಸ್ತಕದಲ್ಲಿ ಬರೆಯುತ್ತಿದ್ದೇವೆ. ಬಸ್ಸಿಲ್ಲವಾದರೆ ಬಸ್ಸಿಲ್ಲವೆಂದೇ, ಮದುವೆಯ ಮಾತಾದರೆ ಮದುವೆಯ ಮಾತೆಂದೇ ಬರೆಯುತ್ತೇವೆ. ಕೆಲವು ತಂದೆಗಳಿಗೆ ಇದು ಹಿಡಿಸಲಿಲ್ಲ. ಹದಿನೆಂಟು ತುಂಬದ ಮಗಳ ಮದುವೆಯನ್ನು ಪುಸ್ತಕದಲ್ಲಿ ಬರೆಯಿಸುವುದಕ್ಕಿಂತ ಇನ್ನೆರಡು ವರ್ಷ ಓದಿಸುವುದೇ ಲೇಸೆಂದು ಒಬ್ಬರು ಎದ್ದುಹೋದರು. ಆ ಹುಡುಗಿ ಆ ವರ್ಷ ಎಸ್.ಎಸ್.ಎಲ್.ಸಿ. ಪರೀಕ್ಷೆಗೆ ಕುಳಿತಳು. ಬರೆಯುವ ಲೇಖನಿಗೆ ಇಷ್ಟು ಶಕ್ತಿಯುಂಟೆಂದು ನಾವೂ ತಿಳಿದಿರಲಿಲ್ಲ.

ಎರಡನೆಯದಾಗಿ, ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಒಂದು ಬಿನ್ನಹ. ನೀವು ಎಲ್ಲಿದ್ದರೂ ನಿಮಗೊಂದು ಊರುಂಟು. ಆ ಊರಿಗೆ ಒಂದು ಪುಸ್ತಕವನ್ನು ಕೊಡಿರಿ. ಇನ್ನೂರು ಹಾಳೆಯ ರಟ್ಟಿನ ನೋಟು ಪುಸ್ತಕವಾದರೆ ಸಾಕು. ಮೊದಲ ಹಾಳೆಗಳಲ್ಲಿ ಹಿರಿಯರನ್ನು ಕೇಳಿ ಊರಿನ ಹಿಂದಣ ವಿಷಯಗಳನ್ನು ಬರೆಯಿರಿ: ಕೆರೆ, ತೂಬು, ಕೋಡಿ, ರಾಜಕಾಲುವೆ, ಗುಂಡುತೋಪು, ಗೋಮಾಳ, ಇವುಗಳ ಹೆಸರೂ ಎಲ್ಲೆಯೂ, ವೀರಗಲ್ಲು, ಗುಡಿ, ಮಸೀದಿ, ದೇವಾಲಯ, ಗಣಿಗೆ ಕೆಲಸಕ್ಕೆ ಹೋದವರು ಯಾರು ಯಾರು. ಆಮೇಲೆ ನಡೆಯುತ್ತಿರುವುದನ್ನು ಬರೆಯಿರಿ: ನಲ್ಲಿಯಲ್ಲಿ ನೀರು ಬಂದ ದಿನ, ಬಾರದ ದಿನ, ಬಸ್ಸು ಬಂದ ಹೊತ್ತು, ತಪ್ಪಿದ ದಿನ, ನರ್ಸಮ್ಮನವರು ಬಂದ ದಿನ, ಆನೆ ಬಂದ ರಾತ್ರಿ, ಶಾಲೆಗೆ ಸೇರಿದ ಹೆಣ್ಣುಮಕ್ಕಳ ಹೆಸರು, ಬಿಟ್ಟವರ ಹೆಸರು, ಬಿಟ್ಟ ನಿಜವಾದ ಕಾರಣ. ಬರೆಯುವ ಕೆಲಸವನ್ನು ಊರಿನಲ್ಲಿ ಓದುತ್ತಿರುವ ಹುಡುಗಿಯೊಬ್ಬಳಿಗೆ ವಹಿಸಿರಿ. ಇಂಗ್ಲೆಂಡಿನ ಪೆಟ್ಟಿಗೆಗೆ ಎರಡು ಬೀಗಗಳಿದ್ದ ಹಾಗೆ ಈ ಪುಸ್ತಕಕ್ಕೂ ಎರಡು ನೆಲೆಗಳಿರಲಿ: ಮೂಲವು ಊರಿನಲ್ಲಿ, ಪ್ರತಿಯು ನಮ್ಮ ಶಾಲೆಯ ಪುಸ್ತಕಾಲಯದಲ್ಲಿ.

ಇದರಿಂದ ಬಸ್ಸು ಬರುವುದೋ ಎಂದು ಕೇಳುವವರಿಗೆ ನಮ್ಮ ಉತ್ತರವಿಷ್ಟೇ.

ಹಿರಿಯರು ಗುಂಪುಗೂಡಿ ಹೋಗಿ, ಸ್ವಾಮೀ ಬಸ್ಸು ಸರಿಯಾಗಿ ಬರುವುದಿಲ್ಲ ಎಂದರೆ ಅಧಿಕಾರಿಯು ವಿಚಾರಿಸೋಣ ಎಂದು ಹೇಳಿ ಕಳುಹಿಸುವನು. ಹದಿನೈದು ವರ್ಷದ ಹುಡುಗಿಯೊಬ್ಬಳು ಪುಸ್ತಕವನ್ನು ಮೇಜಿನ ಮೇಲಿಟ್ಟು, ಕಳೆದ ಮೂರು ತಿಂಗಳಲ್ಲಿ ಬಸ್ಸು ಬಾರದ ದಿನಗಳು ಇಷ್ಟು, ಆ ದಿನಗಳಲ್ಲಿ ಶಾಲೆಯನ್ನು ತಪ್ಪಿಸಿಕೊಂಡ ಮಕ್ಕಳು ಇಷ್ಟು ಎಂದು ಓದಿಹೇಳಿದರೆ ಅವನಿಗೆ ವಿಚಾರಿಸುವುದಕ್ಕೆ ಏನೂ ಉಳಿದಿರುವುದಿಲ್ಲ. ಮಾಹಿತಿಯನ್ನು ಕೇಳುವ ಹಕ್ಕು 2005ರ ಕಾನೂನಿನಿಂದ ನಮಗೆ ಬಂದಿದೆ. ಕೇಳುವ ಹಕ್ಕಿನ ಜತೆಗೆ ತೋರಿಸುವ ಪುಸ್ತಕವೂ ಇರಬೇಕು. ಅದೂ ಫಲಿಸದಿದ್ದರೆ ಊರಿನವರೇ ಕೂಡಿ ಸಂಜೆಯ ಹೊತ್ತಿಗೆ ಒಂದು ಆಟೋವನ್ನು ಗೊತ್ತುಮಾಡುವುದಕ್ಕಾದರೂ ಆ ಲೆಕ್ಕವು ಆಧಾರವಾಗುವುದು.

ಕಡೆಯದಾಗಿ, ತಾಯಿತಂದೆಗಳೇ, ನಿಮ್ಮಲ್ಲಿ ಒಂದು ಮಾತು. ಮಗಳನ್ನು ದೂರದ ಶಾಲೆಗೆ ಕಳುಹಿಸಲು ನೀವು ಹೆದರುವಿರೆಂದು ನಾವು ನಿಮ್ಮನ್ನು ನಿಂದಿಸುವುದಿಲ್ಲ; ಆ ಹೆದರಿಕೆಯು ಪ್ರೀತಿಯಿಂದಲೇ ಹುಟ್ಟಿದುದು. ಆದರೆ ಬಿಡಿಸುವುದಕ್ಕೆ ಮುಂಚೆ ಒಮ್ಮೆ ನಮ್ಮಲ್ಲಿಗೆ ಬನ್ನಿರಿ. ಒಂದೇ ದಾರಿಯಲ್ಲಿ ಬರುವ ನಾಲ್ಕು ಹುಡುಗಿಯರು ಒಟ್ಟಾಗಿ ಬಂದರೆ ಆಗುವುದೋ, ಪರೀಕ್ಷೆಯ ತಿಂಗಳಲ್ಲಿ ಪಟ್ಟಣದ ಬಂಧುಗಳ ಮನೆಯಲ್ಲಿಟ್ಟರೆ ಆಗುವುದೋ, ಕೊನೆಯ ಗಂಟೆಯನ್ನು ಬಿಟ್ಟು ಮುಂಚೆಯೇ ಕಳುಹಿಸಿಕೊಟ್ಟರೆ ಆಗುವುದೋ, ಕೂಡಿ ಯೋಚಿಸೋಣ. ಟಾರ್ಚು ಹಿಡಿದು ನಿಂತ ಆ ತಂದೆ ಒಮ್ಮೆ ನಮ್ಮಲ್ಲಿಗೆ ಬಂದು ಹೇಳಿದ್ದರೆ, ಅಥವಾ ನಾವೇ ಒಮ್ಮೆ ಅವರ ಊರಿಗೆ ಹೋಗಿ ಕೇಳಿದ್ದರೆ, ಏನಾದರೊಂದು ದಾರಿ ಸಿಕ್ಕುತ್ತಿತ್ತು. ಹೋಗಬೇಕಾದವರು ನಾವೇ ಆಗಿದ್ದೆವು.

ನೆಹೆಮೀಯನ ಗ್ರಂಥದ ಮೂರನೆಯ ಅಧ್ಯಾಯವನ್ನು ನಾವು ಚಿಕ್ಕಂದಿನಲ್ಲಿ ಬರಿಯ ಹೆಸರುಗಳ ಪಟ್ಟಿಯೆಂದು ಬೇಗಬೇಗನೆ ಓದಿ ದಾಟಿಬಿಡುತ್ತಿದ್ದೆವು. ಬಿದ್ದುಹೋದ ಯೆರೂಸಲೇಮಿನ ಗೋಡೆಯನ್ನು ಯಾರು ಯಾರು, ಎಲ್ಲಿಂದ ಎಲ್ಲಿಯವರೆಗೆ ಕಟ್ಟಿದರೆಂಬುದು ಅಲ್ಲಿ ಬರೆಯಲ್ಪಟ್ಟಿದೆ. ಅನೇಕರು ತಂತಮ್ಮ ಮನೆಗಳ ಎದುರಿಗಿದ್ದ ಭಾಗವನ್ನೇ ಕಟ್ಟಿದರು. ಆ ಪಟ್ಟಿಯ ನಡುವೆ ಶಲ್ಲೂಮನೆಂಬ ಅಧಿಕಾರಿಯೊಬ್ಬನೂ ಅವನ ಹೆಣ್ಣುಮಕ್ಕಳೂ ತಮ್ಮ ಪಾಲಿನ ಗೋಡೆಯನ್ನು ಕಟ್ಟಿದರೆಂದು ಒಂದು ವಾಕ್ಯವುಂಟು. ಆ ಹೆಣ್ಣುಮಕ್ಕಳು ಎತ್ತಿಟ್ಟ ಕಲ್ಲುಗಳು ಇಂದು ಎಲ್ಲಿವೆಯೋ ದೇವರೇ ಬಲ್ಲನು. ಅವರು ಕಟ್ಟಿದರೆಂಬ ಮಾತು ಮಾತ್ರ ಉಳಿದಿದೆ. ಯಾತಕ್ಕೆಂದರೆ ಅದನ್ನು ಬರೆದಿಟ್ಟವರಿದ್ದರು.

ಈ ಸಂಚಿಕೆಯು ಕೈಸೇರಿದ ಮೇಲೆ ಯಾವ ಊರಿನ ಪುಸ್ತಕವು ಮೊದಲು ನಮ್ಮ ಪುಸ್ತಕಾಲಯಕ್ಕೆ ಬರುವುದೋ ಅದಕ್ಕಾಗಿ ಕಪಾಟಿನಲ್ಲಿ ಒಂದು ಅರೆಯನ್ನು ತೆರವುಮಾಡಿ ಇಟ್ಟಿದ್ದೇವೆ. ಅದು ಕಾಮಸಮುದ್ರದ ಕಡೆಯಿಂದಲೇ ಬರಲೆಂದು ನಮ್ಮ ಆಶೆ. ದೇವರ ಕೃಪೆಯು ನಿಮ್ಮೆಲ್ಲರ ಮನೆಗಳ ಮೇಲೆಯೂ ಊರುಗಳ ಮೇಲೆಯೂ ಇರಲಿ.